ತೋಡಿನಲ್ಲಿ ಒಂದು ಚಳಿಗಾಲ

(ಉಡುಪಿಯಲ್ಲಿ ಒಂದು ಭಾನುವಾರ ಸಂಜೆ ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರಹಕ್ಕೆ ಇಳಿಸಿದ್ದು.)

ಇಂಗ್ಲೆಂಡಿನಲ್ಲಿ ಕಾಲುವೆಯ ಮೇಲೆ ಒಂದು ದೋಣಿಯಲ್ಲಿ ಇದ್ದೇನೆ ಅಂತ ನಾನು ಫೋನಿನಲ್ಲಿ ಹೇಳಿದಾಗ ಅಮ್ಮನ ಕಣ್ಣಮುಂದೆ ಬಂದದ್ದು ಉದ್ಯಾವರದ ನಮ್ಮ ತೋಟದ ಹಿಂದಿನ ತೋಡು. ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಕೆಸರು, ಅಲ್ಲಲ್ಲಿ ಬಿದ್ದ ತೆಂಗಿನ ಮಡಲು. ಪಕ್ಕದ ಮನೆಯವರು ನನ್ನ ಬಗ್ಗೆ ವಿಚಾರಿಸಿದರೆ ಅಮ್ಮ ಹೇಳುತ್ತಿದ್ದದ್ದು ಹೀಗೆ: "ಕೆಲಸ ಎಲ್ಲ ಅಡ್ಡಿಲ್ಲವಂತೆ. ಆದರೆ ಈಗ ತೋಡಿನಲ್ಲಿ ಇದ್ದಾಳೆ." ಅವರು ಗಾಬರಿಯಾಗಿ "ಬಿದ್ದದ್ದಾ?" ಅಂತ ಕೇಳಿದರಂತೆ.

ಅಪ್ಪನ ಪ್ರಶ್ನೆ ಬೇರೆ. ಅವರು ಮಲ್ಪೆಯಲ್ಲಿ ಬೋಟಿನ ಇಂಜಿನ್ ಮೆಕ್ಯಾನಿಕ್. "ಇಂಜಿನ್ ಎಂತದ್ದು?" ಅಂತ ಮಾತ್ರ ಕೇಳಿದರು. ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ.

ದೋಣಿಮನೆ ಅಂದ ಕೂಡಲೇ ನಿಮಗೆಲ್ಲ ಆಲಪ್ಪುಳ ನೆನಪಾಗುತ್ತದೆ, ಅಲ್ವಾ? ಬಿದಿರಿನ ಚಾವಣಿ, ಎಸಿ ಕೋಣೆ, ಮಧ್ಯಾಹ್ನಕ್ಕೆ ಕರಿಮೀನು. ಅದನ್ನು ತಲೆಯಿಂದ ತೆಗೆದುಹಾಕಿ. ನಾನು ಈಗ ಎರಡೂ ಕೈ ಅಗಲಿಸಿ ನಿಂತಿದ್ದೇನೆ. ಇದು ಐದು ಅಡಿಗಿಂತ ಸ್ವಲ್ಪ ಜಾಸ್ತಿ. ಆ ದೋಣಿಯ ಹೊರಗಿನ ಅಗಲ 6 ಅಡಿ 10 ಇಂಚು. ಉಕ್ಕಿನ ಗೋಡೆ, ಒಳಗಿನ ಹಲಗೆ ಎಲ್ಲ ಕಳೆದರೆ ಉಳಿಯುವುದು ಆರು ಅಡಿ. ಉದ್ದ ಮಾತ್ರ 57 ಅಡಿ. ಅದನ್ನು ಮನೆ ಅನ್ನುವುದಕ್ಕಿಂತ ಬಸ್ಸು ಅನ್ನಬಹುದು. ಬಸ್ಸಿಗಿಂತಲೂ ಸಪೂರ. ಅದಕ್ಕೇ ಅಲ್ಲಿ ಅದರ ಹೆಸರು ನ್ಯಾರೋಬೋಟ್.

ಇಷ್ಟು ಸಪೂರ ಯಾಕೆ ಅಂತ ನಾನೂ ಕೇಳಿದ್ದೆ. ಕಾಲುವೆ ಗುಡ್ಡ ಹತ್ತಬೇಕಾದಲ್ಲಿ ಲಾಕ್ ಅಂತ ಕಟ್ಟುತ್ತಾರೆ. ನೀರಿನ ಮೆಟ್ಟಿಲು ಅಂದುಕೊಳ್ಳಿ. ಕಲ್ಲಿನ ಒಂದು ತೊಟ್ಟಿ, ಎರಡು ಕಡೆ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ ನೀರು ತುಂಬಿಸಿದರೆ ದೋಣಿ ಮೇಲೆ ಬರುತ್ತದೆ, ಖಾಲಿ ಮಾಡಿದರೆ ಕೆಳಗೆ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಇಂಜಿನಿಯರ್ ದೇಶದ ನಡುಭಾಗದ ಕಾಲುವೆಗಳಿಗೆ ಸುಮಾರು ಏಳು ಅಡಿ ಅಗಲದ ಲಾಕ್ ಕಟ್ಟಿಸಿದ. ಅಗಲ ಮಾಡಿದರೆ ಖರ್ಚು ಜಾಸ್ತಿ, ನೀರೂ ಜಾಸ್ತಿ ಬೇಕು. ಅವನ ಆ ಉಳಿತಾಯದ ಲೆಕ್ಕದಲ್ಲೇ ಇವತ್ತಿಗೂ ಅಲ್ಲಿನ ದೋಣಿಗಳು ತಯಾರಾಗುತ್ತವೆ. ನಾನು ರಾತ್ರಿ ಮಗ್ಗುಲು ಬದಲಿಸುವಾಗ ಗೋಡೆಗೆ ಮೊಣಕೈ ಬಡಿದರೆ ಬ್ರಿಂಡ್ಲಿಯನ್ನೇ ಬಯ್ಯುತ್ತಿದ್ದೆ.

ಕಾಲುವೆ ಯಾಕೆ ತೋಡಿದರು? ಕಲ್ಲಿದ್ದಲಿಗೆ. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ಶುರುವಾಯಿತು. ವರ್ಸ್ಲಿ ಎಂಬಲ್ಲಿನ ಗಣಿಯಿಂದ ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ನೀರಿನ ಮೇಲೆ ಹೋಯಿತು. ರಸ್ತೆಯಲ್ಲಿ ಒಂದು ಕುದುರೆ ಒಂದೆರಡು ಟನ್ ಎಳೆಯುವುದೇ ಕಷ್ಟ. ನೀರಿನ ಮೇಲೆ ಅದೇ ಕುದುರೆ 25, 30 ಟನ್ ಎಳೆಯುತ್ತದೆ. ನಮ್ಮ ಕಡೆಯವರಿಗೆ ಇದು ಹೊಸ ವಿಷಯ ಅಲ್ಲ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಹಾಕಿದರು. ಆಮೇಲೆ ಬಂದ ಕಾರ್ಖಾನೆಗಳೂ ನೇತ್ರಾವತಿ, ಗುರುಪುರ ಹೊಳೆಗಳ ಬದಿ ಹಿಡಿದೇ ಎದ್ದವು. ಮಣ್ಣು ಬರುವುದು ದೋಣಿಯಲ್ಲಿ, ಹಂಚು ಬಂದರಿಗೆ ಹೋಗುವುದೂ ದೋಣಿಯಲ್ಲಿ. ನಮಗೆ ಹೊಳೆ ಇತ್ತು, ಅವರು ತೋಡಿಕೊಂಡರು.

ಇನ್ನು ನಾನು ಅಲ್ಲಿಗೆ ಸೇರಿದ ಕತೆ. ಅದರಲ್ಲಿ ಸಾಹಸ ಏನೂ ಇಲ್ಲ. ನಾರ್ಥಾಂಪ್ಟನ್‌ನಲ್ಲಿ ಕೆಲಸ, ಮನೆ ಬಾಡಿಗೆಗೆ ಸಂಬಳದ ಅರ್ಧ ಹೋಗುತ್ತಿತ್ತು. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ದೋಣಿಯಲ್ಲೇ ಇರುವವರು. ಆ ವರ್ಷ ನವೆಂಬರ್‌ನಿಂದ ಮಾರ್ಚ್‌ವರೆಗೆ ನ್ಯೂಜಿಲೆಂಡಿನ ಮಗಳ ಮನೆಗೆ ಹೊರಟಿದ್ದರು. "ಬಾಡಿಗೆ ಬೇಡ, ದೋಣಿ ನೋಡಿಕೊಂಡರೆ ಸಾಕು" ಅಂದರು. ನಾನು ಖುಷಿಯಿಂದ ಹೂಂ ಅಂದೆ. ಚಳಿಗಾಲದಲ್ಲಿ ಯಾಕೆ ಅವರೇ ಊರು ಬಿಟ್ಟು ಓಡುತ್ತಿದ್ದಾರೆ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅವರ ದೋಣಿಗೆ ಕಾಯಂ ಜಾಗ ಇರಲಿಲ್ಲ. ಅಲ್ಲಿ ಎರಡು ತರಹದವರು ಉಂಟು. ದುಡ್ಡು ಕೊಟ್ಟು ಒಂದು ಕಡೆ ಕಟ್ಟಿಕೊಳ್ಳುವವರು, ತಿರುಗುತ್ತಲೇ ಇರುವವರು. ತಿರುಗುವವರಿಗೆ 1995ರ ಕಾಯ್ದೆಯ ಪ್ರಕಾರ ಒಂದೇ ಜಾಗದಲ್ಲಿ ಇರಬಹುದಾದದ್ದು 14 ದಿನ. ಅದಕ್ಕೆ ಅವರ ಮಾತಿನಲ್ಲಿ ಉದ್ದದ ಹೆಸರು ಉಂಟು. ನಮ್ಮಲ್ಲಿ ಒಂದೇ ಶಬ್ದ ಸಾಕು: ತಿರುಗಾಟ. ಯಕ್ಷಗಾನ ಮೇಳದವರ ತಿರುಗಾಟ ಇದೆಯಲ್ಲ, ಅದೇ. ಇವತ್ತು ಈ ಗದ್ದೆ, ನಾಳೆ ಆ ಗದ್ದೆ, ಸಾಮಾನೆಲ್ಲ ಜೊತೆಗೆ. ಆದರೆ ಕಾಲ ಮಾತ್ರ ಉಲ್ಟಾ. ನಮ್ಮ ಮೇಳಗಳು ದೀಪಾವಳಿ ಕಳೆದು ಹೊರಡುತ್ತವೆ, ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತವೆ. ಮಳೆಗೆ ಹೆದರಿ ನಿಲ್ಲುವುದು. ಅಲ್ಲಿಯ ಬೋಟಿನವರು ವಸಂತದಲ್ಲಿ ಹೊರಟು ಅಕ್ಟೋಬರ್‌ವರೆಗೆ ಊರೂರು ಸುತ್ತುತ್ತಾರೆ. ಚಳಿಗೆ ಹೆದರಿ ಒಂದು ಕಡೆ ಮುದುಡಿಕೊಳ್ಳುತ್ತಾರೆ. ಲಾಕ್‌ಗಳ ರಿಪೇರಿಯನ್ನೂ ನವೆಂಬರ್‌ನಿಂದ ಮಾರ್ಚ್ ಒಳಗೇ ಇಟ್ಟುಕೊಳ್ಳುವುದರಿಂದ ಎಷ್ಟೋ ಕಡೆ ದಾರಿಯೇ ಬಂದ್. ನಾನು ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ, ಸ್ಟೋಕ್ ಬ್ರೂಯರ್ನ್ ಊರಿನಿಂದ ಮೇಲಕ್ಕೆ ಲಾಕ್ ಇಲ್ಲದ ಉದ್ದದ ಪಟ್ಟಿಯಲ್ಲಿ ಹೋಗಿ ಬಂದು ಮಾಡಿಕೊಂಡಿದ್ದೆ.

ಹೊರಡುವ ಮೊದಲು ಆ ಹಿರಿಯರು ನನಗೊಂದು ಪಟ್ಟಿ ಕೊಟ್ಟರು. ಕಲ್ಲಿದ್ದಲು ಹತ್ತು ಚೀಲ, ದೋಣಿಯ ಚಾವಣಿ ಮೇಲೆ. ಬೆಂಕಿ ಹಿಡಿಸಲು ಒಣ ಚಕ್ಕೆ, ಒಳಗೆ. ಗ್ಯಾಸ್ ಒಂದು ಸಿಲಿಂಡರ್ ಹೆಚ್ಚಿಗೆ, ಅದೂ ಪ್ರೊಪೇನ್ ಮಾತ್ರ. ಬ್ಯೂಟೇನ್ ಆದರೆ ಸೊನ್ನೆ ಡಿಗ್ರಿ ಹತ್ತಿರ ಬಂದಾಗ ಸಿಲಿಂಡರ್ ಒಳಗೇ ದ್ರವವಾಗಿ ಕೂತುಬಿಡುತ್ತದೆ, ಒಲೆಗೆ ಬರುವುದಿಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಗ್ಯಾಸ್ ಆಗಿಯೇ ಬರುತ್ತದೆ. ಆಮೇಲೆ ಅಕ್ಕಿ, ಬೇಳೆ, ಟಾರ್ಚು, ಎರಡು ಖಾಲಿ ಕ್ಯಾನು.

ಪಟ್ಟಿ ಓದುತ್ತಾ ಓದುತ್ತಾ ನನಗೆ ಅಜ್ಜಿಯ ಮೇ ತಿಂಗಳು ಕಂಡಿತು. ಇಲ್ಲಿ ಕೂತವರಲ್ಲಿ ಐವತ್ತು ದಾಟಿದವರಿಗೆಲ್ಲ ಗೊತ್ತು. ಪತ್ತನಾಜೆ ಬರುವ ಹೊತ್ತಿಗೆ ಕೊಟ್ಟಿಗೆಯ ಪಕ್ಕ ಕಟ್ಟಿಗೆ ರಾಶಿ ಬೀಳಬೇಕು. ಕೊತ್ತಳಿಗೆ ಬೇರೆ, ಗೆರಟೆ ಬೇರೆ, ಸಿಪ್ಪೆ ಬೇರೆ. ಹಲಸಿನ ಸೊಳೆ ಉಪ್ಪಿನಲ್ಲಿ ಬೀಳಬೇಕು. ಹಪ್ಪಳ ಒಣಗಬೇಕು. ಸಾಂತಣಿ, ಒಣಮೀನು ಡಬ್ಬಿ ಸೇರಬೇಕು. ಮಳೆ ಬಿಡದ ಆಟಿ ತಿಂಗಳಲ್ಲಿ ಹೊರಗೆ ಹೋಗಿ ತರುತ್ತೇನೆ ಅಂದರೆ ಆಗುವುದಿಲ್ಲ. ನನ್ನ ಅಜ್ಜಿ ಹಿಮ ಕಂಡವಳಲ್ಲ. ಆದರೆ ಆ ಪಟ್ಟಿಯನ್ನು ಅವಳ ಕೈಗೆ ಕೊಟ್ಟಿದ್ದರೆ ಕೂಡಲೇ ಅರ್ಥ ಮಾಡಿಕೊಳ್ಳುತ್ತಿದ್ದಳು. ನಾನು ಚಳಿಗಾಲವನ್ನು ಕಲಿತದ್ದು ನಮ್ಮ ಮಳೆಗಾಲದಿಂದ. ಇವತ್ತು ನಿಮ್ಮ ಮುಂದೆ ಹೇಳಲಿಕ್ಕೆ ಬಂದದ್ದೂ ಅದನ್ನೇ.

ಮೊದಲು ಒಲೆ. ದೋಣಿಯ ಮುಂಭಾಗದಲ್ಲಿ ಎರಕದ ಕಬ್ಬಿಣದ ಒಂದು ಸಣ್ಣ ಒಲೆ ಇತ್ತು, ನಮ್ಮ ಸಾಧಾರಣ ಸೂಟ್‌ಕೇಸಿನಷ್ಟು. ಮೇಲೆ ಕೊಳವೆ, ಚಾವಣಿ ದಾಟಿ ಹೊರಗೆ. ಅದರಲ್ಲಿ ಉರಿಸುವುದು ಹೊಗೆ ಕಡಿಮೆ ಬರುವ ಕಲ್ಲಿದ್ದಲಿನ ಉಂಡೆ. 2023ರ ಮೇ ತಿಂಗಳಿನಿಂದ ಇಂಗ್ಲೆಂಡಿನಲ್ಲಿ ಮನೆ ಒಲೆಗೆ ಅಂತ ಮಾಮೂಲಿ ಕಲ್ಲಿದ್ದಲು ಮಾರುವಂತಿಲ್ಲ. ಚಳಿ ಜೋರಾದಾಗ ನನಗೆ 25 ಕೆಜಿಯ ಒಂದು ಚೀಲ ಎರಡೂವರೆ ದಿನ ಬರುತ್ತಿತ್ತು.

ಮೊದಲ ವಾರ ನಾನು ದಿನಾ ಬೆಳಿಗ್ಗೆ ಹೊಸದಾಗಿ ಬೆಂಕಿ ಮಾಡುತ್ತಿದ್ದೆ. ನಡುಗುತ್ತಾ ಕಡ್ಡಿ ಗೀರುವುದು, ಆರುವುದು, ಮತ್ತೆ ಗೀರುವುದು. ಆಮೇಲೆ ಪಕ್ಕದ ದೋಣಿಯ ಮುದುಕರೊಬ್ಬರು ಹೇಳಿಕೊಟ್ಟರು. ರಾತ್ರಿ ಮಲಗುವ ಮೊದಲು ಬೂದಿ ಸ್ವಲ್ಪ ಕೆಡವಿ, ಉಂಡೆ ತುಂಬಿಸಿ, ಗಾಳಿಯ ಕಿಂಡಿಯನ್ನು ಒಂದು ಎಳೆಯಷ್ಟು ಮಾತ್ರ ತೆರೆದಿಡಬೇಕು. ಬೆಳಿಗ್ಗೆ ಕಿಂಡಿ ಅಗಲ ಮಾಡಿದರೆ ಹತ್ತು ನಿಮಿಷದಲ್ಲಿ ಕೆಂಪು. ಅಯ್ಯೋ, ಇದು ನಮ್ಮ ಬಚ್ಚಲ ಒಲೆ ಅಲ್ವಾ! ಅಜ್ಜಿ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಹಂಡೆಯ ಕೆಳಗೆ ಒಂದು ಗೆರಟೆ ಹಾಕಿ ಊದಿದರೆ ಮುಗಿಯಿತು. ಇಷ್ಟು ಗೊತ್ತಿದ್ದೂ ನಾನು ಒಂದು ವಾರ ಕಡ್ಡಿಪೆಟ್ಟಿಗೆ ಮುಗಿಸಿದೆ.

ಒಂದು ವ್ಯತ್ಯಾಸ ಮಾತ್ರ ಉಂಟು. ಅದು ನನ್ನನ್ನು ಕೊಲ್ಲಬಹುದಿತ್ತು. ನಮ್ಮ ಬಚ್ಚಲಿಗೆ ಹಂಚಿನ ಮಾಡು. ಹೊಗೆ ಸಂದಿಯಲ್ಲಿ ಹೋಗುತ್ತದೆ, ಗಾಳಿ ಸಂದಿಯಲ್ಲಿ ಬರುತ್ತದೆ. ದೋಣಿ ಉಕ್ಕಿನ ಡಬ್ಬಿ. ಗಾಳಿಯಾಡಲಿಕ್ಕೆ ಅಂತಲೇ ಬಾಗಿಲಿನಲ್ಲೂ ಚಾವಣಿಯಲ್ಲೂ ಕಿಂಡಿ ಇಟ್ಟಿರುತ್ತಾರೆ. ಡಿಸೆಂಬರ್‌ನ ಒಂದು ರಾತ್ರಿ ಆ ಕಿಂಡಿಯಿಂದ ಚಾಕುವಿನ ಹಾಗೆ ಗಾಳಿ ಬಂತು. ನಾನು ಹಳೆಯ ಚೂಡಿದಾರದ ಶಾಲನ್ನು ಮಡಚಿ ತುರುಕಿದೆ. ಮಲಗಿ ಎಷ್ಟು ಹೊತ್ತಾಗಿತ್ತೋ, ಕಿವಿ ಹರಿಯುವ ಹಾಗೆ ಅಲಾರಂ ಹೊಡೆದುಕೊಂಡಿತು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ. ಬಣ್ಣ ಇಲ್ಲ, ವಾಸನೆ ಇಲ್ಲ, ತಲೆನೋವು ಬಂದು ಹಾಗೇ ನಿದ್ದೆ ಹಿಡಿಯುತ್ತದೆ. ಜನ ವಾಸಿಸುವ ದೋಣಿಗಳಲ್ಲಿ ಈ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯ. ಕಡ್ಡಾಯ ಮಾಡಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ನಾನು ಬಾಗಿಲು ತೆರೆದು ಹುಲ್ಲಿನ ಮೇಲೆ ರಾತ್ರಿ ಉಡುಪಿನಲ್ಲಿ ನಿಂತೆ. ಹುಲ್ಲು ಕಾಲಡಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ಇದನ್ನು ಅಮ್ಮನಿಗೆ ಇವತ್ತಿನವರೆಗೆ ಹೇಳಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಈಗ ಗೊತ್ತಾಯಿತು.

ಎರಡನೆಯದು ಬೂಷ್ಟು. ಉಡುಪಿ ಬಿಟ್ಟರೆ ಬೂಷ್ಟಿನಿಂದ ಬಿಡುಗಡೆ ಅಂದುಕೊಂಡಿದ್ದೆ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಇದೆಲ್ಲ ನಮ್ಮ ಜುಲೈ. ಅಲ್ಲಿ ಅದು ಜನವರಿಯಲ್ಲಿ ಬಂತು. ಹೊರಗೆ ಮೈನಸ್, ಒಳಗೆ ಒಲೆ. ಉಸಿರು, ಸ್ನಾನ, ಅಡುಗೆ, ಎಲ್ಲದರ ಹಬೆ ಹೋಗಿ ತಣ್ಣನೆಯ ಗಾಜಿಗೆ, ಉಕ್ಕಿಗೆ ಅಂಟಿ ನೀರಾಗುತ್ತದೆ. ಬೆಳಿಗ್ಗೆ ಎದ್ದರೆ ಕಿಟಕಿಯಿಂದ ಧಾರೆ. ಹಾಸಿಗೆ ಎತ್ತಿ ನೋಡಿದರೆ ಅಡಿಭಾಗ ಚಂಡಿ. ದಿನದ ಮೊದಲ ಕೆಲಸ ಕಿಟಕಿ ಒರೆಸಿ ಬಟ್ಟೆ ಹಿಂಡುವುದು.

ಇದನ್ನು ಜಾಸ್ತಿ ಮಾಡಿದ ಅಪರಾಧಿ ನಾನೇ. ನನಗೆ ಕುಚ್ಚಲಕ್ಕಿ ಗಂಜಿ ಇಲ್ಲದೆ ಆಗುವುದಿಲ್ಲ. ಇಲ್ಲಿಂದ ಐದು ಕೆಜಿ ಹೊತ್ತುಕೊಂಡು ಹೋಗಿದ್ದೆ. ಮುಕ್ಕಾಲು ಗಂಟೆ ಕೊತಕೊತ ಕುದಿಸಿದರೆ ಆರು ಅಡಿ ಅಗಲದ ಡಬ್ಬಿಯಲ್ಲಿ ಏನಾಗಬೇಕು? ಗೋಡೆಗಳು ಬೆವರಿದವು. ಆಮೇಲೆ ಉಪಾಯ ಹೊಳೆಯಿತು. ರಾತ್ರಿ ಹೇಗೂ ಕಲ್ಲಿದ್ದಲಿನ ಒಲೆ ಉರಿಯುತ್ತದಲ್ಲ, ಅದರ ತಲೆಯ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಅಕ್ಕಿ ಇಟ್ಟು ಬಿಗಿ ಮುಚ್ಚಳ ಹಾಕಿದೆ. ಕುದಿಯಲೇ ಇಲ್ಲ. ಸುಮ್ನೆ ರಾತ್ರಿಯಿಡೀ ಬಿಸಿಯಲ್ಲಿ ಕೂತಿತ್ತು. ಬೆಳಿಗ್ಗೆ ಅನ್ನ ಅರಳಿ ಹದವಾಗಿತ್ತು, ತಿಳಿ ಮೇಲೆ ನಿಂತಿತ್ತು. ಅಂತಹ ಗಂಜಿ ಗ್ಯಾಸಿನಲ್ಲಿ ಆಗುವುದಿಲ್ಲ. ಆ ಹೊತ್ತಿಗೆ ಹೊರಗೆ ಇನ್ನೂ ಕತ್ತಲೆ. ಉಪ್ಪಿನಕಾಯಿ ನೆಕ್ಕುತ್ತಾ ಕಿಟಕಿ ನೋಡಿದರೆ ಒಂದು ಹಂಸ ಕೊಕ್ಕಿನಿಂದ ಗೋಡೆ ಕುಟ್ಟುತ್ತಿರುತ್ತದೆ, ತಿನ್ನಲು ಏನಾದರೂ ಕೊಡು ಅಂತ. ಹಂಸ ಅಂದರೆ ದಮಯಂತಿಗೆ ಸಂದೇಶ ತಂದ ಹಕ್ಕಿ ಅಂತ ನಾವು ಓದಿದ್ದು. ಇದು ಸಾಲ ವಸೂಲಿಗೆ ಬಂದವರ ಹಾಗೆ ಬಡಿಯುತ್ತದೆ.

ಕರೆಂಟಿನ ವಿಷಯ. ದೋಣಿಗೆ ಲೈನ್ ಇಲ್ಲ, ಬ್ಯಾಟರಿಗಳು. ಚಾವಣಿ ಮೇಲೆ ಸೋಲಾರ್ ಫಲಕ ಇತ್ತು. ಬೇಸಿಗೆಯಲ್ಲಿ ಅದೇ ಸಾಕಂತೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ಬೆಳಿಗ್ಗೆ ಎಂಟು ದಾಟಿದ ಮೇಲೆ ಬಂದು ಸಂಜೆ ನಾಲ್ಕಕ್ಕೆ ಮುಂಚೆ ಹೋಗುತ್ತಾನೆ. ಬಂದರೂ ಮೋಡದ ಹಿಂದೆ, ಅಡಿಕೆ ಮರದ ಎತ್ತರಕ್ಕೆ. ಇಲ್ಲಿ ಬ್ಯಾಂಕಿನಲ್ಲಿ ಇದ್ದವರು ಸುಮಾರು ಜನ ಇದ್ದೀರಿ, ನಿಮಗೆ ಬೇಗ ಗೊತ್ತಾಗುತ್ತದೆ. ನಮ್ಮ ಉಡುಪಿಯಲ್ಲೇ 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದರಲ್ಲ, ದಿನಾ ಮನೆ ಬಾಗಿಲಿಗೆ ಬಂದು ಎರಡು ಆಣೆ ತೆಗೆದುಕೊಂಡು ಹೋಗುವುದು. ನನ್ನ ಸೋಲಾರ್ ಆ ಪಿಗ್ಮಿ ಕಟ್ಟುವ ಬಡವ. ದಿನಾ ಎರಡು ಆಣೆ ಹಾಕುತ್ತಿತ್ತು. ನಾನು ರಾತ್ರಿ ಲ್ಯಾಪ್‌ಟಾಪ್ ಹಚ್ಚಿ ನಾಲ್ಕು ಆಣೆ ತೆಗೆಯುತ್ತಿದ್ದೆ. ಉಳಿದದ್ದಕ್ಕೆ ಇಂಜಿನ್ ಓಡಿಸಬೇಕು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಓಡಿಸುವಂತಿಲ್ಲ, ಅಕ್ಕಪಕ್ಕದವರಿಗೆ ನಿದ್ದೆ ಬೇಕು. ಆಫೀಸಿಂದ ಬಂದು ಗಡಿಯಾರ ನೋಡಿ ಇಂಜಿನ್ ಹಾಕುವುದೇ ನನ್ನ ಸಂಧ್ಯಾವಂದನೆ ಆಯಿತು.

ನೀರಿನ ಟ್ಯಾಂಕಿ 450 ಲೀಟರ್. ನಲ್ಲಿ ಇರುವ ಕಡೆಗೆ ದೋಣಿ ತೆಗೆದುಕೊಂಡು ಹೋಗಿ ಪೈಪ್ ಹಾಕಿ ತುಂಬಿಸಬೇಕು. ನಾನು 11 ದಿನಕ್ಕೆ ಒಂದು ಸಲ ತುಂಬಿಸುವಲ್ಲಿಗೆ ಬಂದು ಮುಟ್ಟಿದೆ. ಮೊದಲು ಐದೇ ದಿನಕ್ಕೆ ಖಾಲಿ ಮಾಡಿದ್ದೆ. ಬಾವಿಯಿಂದ ಸೇದಿದವರಿಗೆ ನೀರಿನ ಲೆಕ್ಕ ತೋಳಿನಲ್ಲೇ ಇರುತ್ತದೆ. ನಾನು ಪಂಪು ಬಂದ ಮೇಲೆ ಹುಟ್ಟಿದವಳು.

ಮತ್ತೆ, ಹೋದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಇದನ್ನು ಈ ಸಭೆಯಲ್ಲಿ ಹೇಳಬೇಕಾ ಬೇಡವಾ ಅಂತ ಯೋಚಿಸಿದೆ. ಹೇಳದಿದ್ದರೆ ಸುಳ್ಳಾಗುತ್ತದೆ. ಕಕ್ಕಸಿನ ಅಡಿಯಲ್ಲಿ 20 ಲೀಟರಿನ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ತುಂಬಿದ ಮೇಲೆ ಅದನ್ನು ಎಳೆದು ತೆಗೆದು, ಸಣ್ಣ ಗಾಡಿಯಲ್ಲಿಟ್ಟು, ದಡದ ಕಾಲುದಾರಿಯಲ್ಲಿ ನಡೆದು, ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆದು ತರಬೇಕು. ಇಂಗ್ಲೆಂಡು, ವೇಲ್ಸ್ ಸೇರಿ ಸುಮಾರು 2,000 ಮೈಲು ಕಾಲುವೆ, ಹೊಳೆ ನೋಡಿಕೊಳ್ಳುವ ಒಂದು ಟ್ರಸ್ಟ್ ಉಂಟು. ಲೈಸೆನ್ಸ್ ಹಣ ಅವರಿಗೇ ಹೋಗುತ್ತದೆ, ಈ ವ್ಯವಸ್ಥೆ ಎಲ್ಲ ಅವರದ್ದು. ನಮ್ಮಲ್ಲಿ ಇಬ್ಬರು ಸೇರಿದರೆ ಮಳೆ, ಮೀನಿನ ರೇಟು. ಅಲ್ಲಿ ಇಬ್ಬರು ಬೋಟಿನವರು ಸೇರಿದರೆ ಐದು ನಿಮಿಷದಲ್ಲಿ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ. ಮೊದಲು ನನಗೆ ಅಸಹ್ಯ ಆಗುತ್ತಿತ್ತು. ಆಮೇಲೆ ಅನ್ನಿಸಿತು, ಇಪ್ಪತ್ತೆಂಟು ವರ್ಷ ನಾನು ಫ್ಲಶ್ ಒತ್ತಿ ತಿರುಗಿ ನೋಡದೆ ಬಂದವಳು. ನಮ್ಮ ಊರಿನಲ್ಲಿ ಅದನ್ನು ಯಾರು ಹೊತ್ತರು ಅಂತ ಕೇಳಿದವಳೂ ಅಲ್ಲ. ಆ ಗಾಡಿ ತಳ್ಳುವಾಗ ಅದು ನೆನಪಾಗುತ್ತಿತ್ತು. ಅಷ್ಟೇ, ಮುಂದೆ ಹೋಗುವ.

ಜನವರಿಯಲ್ಲಿ ಕಾಲುವೆ ಹೆಪ್ಪುಗಟ್ಟಿತು. ರಾತ್ರಿ ಮಲಗಿದಾಗ ಹೊರಗಿನಿಂದ ಒಂದು ಶಬ್ದ. ಯಾರೋ ದೂರದಲ್ಲಿ ದೊಡ್ಡ ಗಾಜನ್ನು ನಿಧಾನ ಬಗ್ಗಿಸುತ್ತಿರುವ ಹಾಗೆ. ಬೆಳಿಗ್ಗೆ ನೋಡಿದರೆ ನೀರೇ ಇಲ್ಲ, ಬೂದು ಬಣ್ಣದ ರಸ್ತೆ. ಒಂದು ಬಾತುಕೋಳಿ ಅದರ ಮೇಲೆ ಜಾರುತ್ತಾ ನಡೆಯುತ್ತಿತ್ತು, ಅದಕ್ಕೂ ಅರ್ಥ ಆಗಿರಲಿಲ್ಲ. ನಾನು ಹೊರಗೆ ಬಂದು ಕಾಲಿಟ್ಟದ್ದರಿಂದ ದೋಣಿ ಸ್ವಲ್ಪ ಅಲುಗಿತು. ಆ ಅಲುಗಾಟಕ್ಕೆ ಮಂಜುಗಡ್ಡೆ ಆಚೆ ದಡದವರೆಗೆ ಸಿಳ್ಳೆ ಹೊಡೆಯಿತು.

ಒಂಬತ್ತು ದಿನ ಹಾಗೇ ಇತ್ತು. ದೋಣಿ ಕದಲಿಸಬಾರದು. ಗಡ್ಡೆಯ ಅಂಚು ನೀರಿನ ಮಟ್ಟದಲ್ಲಿ ಡಾಂಬರಿನಂಥ ಕಪ್ಪು ಬಣ್ಣವನ್ನು ಕೆರೆದು ತೆಗೆಯುತ್ತದೆ. ಪಕ್ಕದಲ್ಲಿ ಫೈಬರ್ ದೋಣಿ ಇದ್ದರೆ ಒಡೆದ ಗಡ್ಡೆ ಅದರ ಮೈ ಸೀಳಬಹುದು. 14 ದಿನದ ನಿಯಮಕ್ಕೂ ಕಾಯ್ದೆಯಲ್ಲೇ ಬಿಡುವು ಉಂಟು, ಸಂದರ್ಭಕ್ಕೆ ತಕ್ಕ ಹಾಗೆ ಹೆಚ್ಚು ದಿನ ನಿಲ್ಲಬಹುದು. ಆದರೆ ನಲ್ಲಿಯ ನೀರೂ ಗಟ್ಟಿ. ಕ್ಯಾನು ಹಿಡಿದು ಒಂದು ಮೈಲು ದೂರದ ಪಬ್ಬಿಗೆ ನಡೆದೆ. ಅವರು ಅಡುಗೆಮನೆಯ ನಲ್ಲಿ ಬಿಟ್ಟುಕೊಟ್ಟರು. ನಾನು ಎರಡು ಕ್ಯಾನು ಎರಡು ಕೈಯಲ್ಲಿ ಹಿಡಿದು ವಾಪಸ್ ಬರುವಾಗ ಹಳ್ಳಿಯ ಹುಡುಗರು ನೋಡಿ ನಕ್ಕರು. ಉದ್ಯಾವರದಲ್ಲಿ ಕೊಡಪಾನ ಹಿಡಿದರೂ ಯಾರೂ ನಗುವುದಿಲ್ಲ.

ಐದನೇ ದಿನ ಕಲ್ಲಿದ್ದಲು ಮುಗಿಯುತ್ತಾ ಬಂತು. ಆಗ ಕೇಳಿಸಿತು, ಹಳೆಯ ಇಂಜಿನಿನ ಟಕ್, ಟಕ್, ಟಕ್. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಮಾರುವ ದೋಣಿ. ಗಂಡ ಹೆಂಡತಿ ಇಬ್ಬರೇ. ನಮ್ಮ ಬಾಗಿಲಿಗೆ ಬುಟ್ಟಿಯಲ್ಲಿ ಮೀನು ತರುವವರ ಕೂಗು ಕೇಳಿದರೆ ಅಮ್ಮ ಹೇಗೆ ಪಾತ್ರೆ ಹಿಡಿದು ಓಡುತ್ತಾಳೋ ಹಾಗೆ ನಾನು ಓಡಿದೆ. ಗಡ್ಡೆಯನ್ನು ನಿಧಾನ ಒಡೆಯುತ್ತಾ ಬಂದರು. ನನಗೆ ಬೇಕಾದ್ದು ನಾಲ್ಕು ಚೀಲ. ಅವರು ಎರಡೇ ಕೊಟ್ಟರು. ಮುಂದೆ ಇನ್ನೂ ಹನ್ನೊಂದು ದೋಣಿ ಉಂಟು ಅಂದರು. ನನಗೆ ಆಗ ಕೋಪ ಬಂತು. ಈಗ ಬರುವುದಿಲ್ಲ.

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು. 1962ರ ಕ್ರಿಸ್‌ಮಸ್ ಮರುದಿನ ಅಲ್ಲಿ ಹಿಮ ಶುರುವಾಗಿ 1963ರ ಮಾರ್ಚ್ ಮೊದಲ ವಾರದವರೆಗೆ ಬಿಡಲಿಲ್ಲ. ಆ ಜನವರಿಯ ಸರಾಸರಿ ಉಷ್ಣಾಂಶ ದೇಶದ ನಡುಭಾಗದಲ್ಲಿ ಮೈನಸ್ 2.1. ಸರಕು ತುಂಬಿದ ದೋಣಿಗಳು ವಾರಗಟ್ಟಲೆ ಇದ್ದಲ್ಲೇ ಸಿಕ್ಕಿಬಿದ್ದವು. ಹಿಂದೆಲ್ಲ ಗಡ್ಡೆ ಒಡೆಯುವ ದೋಣಿ ಇರುತ್ತಿತ್ತು. ಕುದುರೆಗಳು ಮುಂದೆ ಎಳೆಯುವುದು, ಹತ್ತು ಹನ್ನೆರಡು ಜನ ಮೇಲೆ ನಿಂತು ಎಡಕ್ಕೆ ಬಲಕ್ಕೆ ತೂಗಾಡಿಸುವುದು. ಆ ಸಲ ಅದೂ ಸಾಗಲಿಲ್ಲ. ಮೊದಲೇ ಲಾರಿ, ರೈಲಿನ ಎದುರು ಸೋತಿದ್ದ ವ್ಯಾಪಾರ. ಸರಕು ಕೊಡುತ್ತಿದ್ದವರು ರಸ್ತೆಗೆ ಹೋದವರು ಮತ್ತೆ ಬರಲಿಲ್ಲ. ಅದೇ ವರ್ಷ ಸರಕಾರಿ ಸಾಗಾಟದ ದೋಣಿಗಳು ಹೆಚ್ಚುಕಡಿಮೆ ನಿಂತೇ ಹೋದವು. ತಲೆತಲಾಂತರದಿಂದ ದೋಣಿಯಲ್ಲೇ ಹುಟ್ಟಿ ಬೆಳೆದ ಕುಟುಂಬಗಳು ದಡಕ್ಕೆ ಇಳಿದವು. ನಾನು ಒಂಬತ್ತು ದಿನಕ್ಕೆ ಅತ್ತೆ. ಅವರದ್ದು ಎರಡು ತಿಂಗಳ ಮೇಲೆ.

ಆ ಕುಟುಂಬಗಳು ಇರುತ್ತಿದ್ದದ್ದು ಎಲ್ಲಿ ಗೊತ್ತಾ? ಇಡೀ ದೋಣಿಯಲ್ಲಿ ಸರಕು. ಹಿಂಬದಿಯಲ್ಲಿ ಸುಮಾರು ಹತ್ತು ಅಡಿಯ ಒಂದು ಗೂಡು. ಅದರಲ್ಲೇ ಅಪ್ಪ, ಅಮ್ಮ, ಮಕ್ಕಳು, ಒಲೆ. ಎಷ್ಟು ಜನ ಇರಬಹುದು ಅಂತ ಮಿತಿ ಹಾಕಲಿಕ್ಕೆ 1877ರಲ್ಲಿ ಕಾಯ್ದೆಯೇ ಬಂತು. ಆ ಗೂಡಿನ ಬಾಗಿಲಿಗೆ ಗುಲಾಬಿ ಹೂವು, ಕೋಟೆಯ ಚಿತ್ರ ಬಿಡಿಸುತ್ತಿದ್ದರು. ಈಗ ಅದೇ ಚಿತ್ರ ಪ್ರವಾಸಿಗಳ ಕಪ್ಪಿನ ಮೇಲೆ ಇರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ಗ್ರ್ಯಾಂಡ್ ಯೂನಿಯನ್‌ನಲ್ಲಿ ಪೇಟೆಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಜೋಡಿ ದೋಣಿ ಓಡಿಸಿದರು, ಒಂದು ಜೋಡಿಗೆ 50 ಟನ್ ಸರಕು. ಅವರ ಬ್ಯಾಡ್ಜಿನ ಮೇಲೆ ಒಳನಾಡು ಜಲಮಾರ್ಗ ಅಂತ ಸೂಚಿಸುವ ಎರಡು ಅಕ್ಷರ, ಐ ಮತ್ತು ಡಬ್ಲ್ಯು. ಜನ ಅದನ್ನು ಐಡಲ್ ವಿಮೆನ್ ಅಂತ ಓದಿದರು, ಕೆಲಸವಿಲ್ಲದ ಹೆಂಗಸರು ಅಂತ! ಹೆಂಗಸರು ಎಷ್ಟು ದುಡಿದರೂ ಇಂಥ ಒಂದು ಮಾತು ಎಲ್ಲ ಊರಿನಲ್ಲೂ ತಯಾರಿರುತ್ತದೆ ನೋಡಿ.

ಫೋಟೋಗಳಲ್ಲಿ ನಿಮಗೆ ಬೇರೆಯೇ ಕಾಣುತ್ತದೆ. ಹಿಮ ಬಿದ್ದ ಚಾವಣಿ, ಕೊಳವೆಯಿಂದ ಹೊಗೆ, ಕಿಟಕಿಯಲ್ಲಿ ಹಳದಿ ಬೆಳಕು. ಅದು ಸುಳ್ಳಲ್ಲ. ಒಲೆ ಹದವಾಗಿ ಉರಿಯುತ್ತಿರುವಾಗ, ಹೊರಗೆ ಮಳೆ ಚಾವಣಿಗೆ ಬಡಿಯುವಾಗ, ಅಷ್ಟು ಸುಖವಾಗಿ ನಾನು ಯಾವ ಮನೆಯಲ್ಲೂ ಮಲಗಿಲ್ಲ. ಆದರೆ ನನ್ನ ಸಾಲಿನಲ್ಲಿ ಕಟ್ಟಿದ್ದ ಏಳು ದೋಣಿಗಳಲ್ಲಿ ಇಷ್ಟಪಟ್ಟು ಬಂದವರು ಮೂವರು. ಉಳಿದವರು ಬಾಡಿಗೆ ಕೊಡಲಾಗದೆ ಬಂದವರು. ವಿಳಾಸ ಇಲ್ಲದವರಿಗೆ ಕಾಗದಪತ್ರ ಬರುವುದೇ ಒಂದು ಪಾಡು.

ಈಗ ಅಪ್ಪನ ವಿಷಯ. ಫೆಬ್ರವರಿಯಲ್ಲಿ ಗಡ್ಡೆ ಕರಗಿ ನಾನು ಬ್ಲಿಸ್‌ವರ್ತ್ ಸುರಂಗದ ಮೂಲಕ ಹೋದೆ. 1805ರಲ್ಲಿ ತೆರೆದದ್ದು, 3,076 ಗಜ, ಹತ್ತಿರಹತ್ತಿರ ಮೂರು ಕಿಲೋಮೀಟರು. ಒಳಗೆ ಕುದುರೆ ನಡೆಯಲು ದಾರಿ ಇಲ್ಲ. ಹಿಂದಿನವರು ಹಲಗೆ ಮೇಲೆ ಅಂಗಾತ ಮಲಗಿ ಸುರಂಗದ ಗೋಡೆಯನ್ನು ಕಾಲಿನಿಂದ ತುಳಿಯುತ್ತಾ ದೋಣಿ ಸಾಗಿಸುತ್ತಿದ್ದರು. ನಾನು ಇಂಜಿನ್ ಹಾಕಿ ಹೋದೆ. ಹೊರಗಿಗಿಂತ ಒಳಗೇ ಬೆಚ್ಚಗಿತ್ತು. ಆಚೆ ಬಂದು ದೋಣಿ ಕಟ್ಟಿ ಇಂಜಿನಿನ ಕೋಣೆ ನೋಡಿದರೆ ತಳದಲ್ಲಿ ನೀರು. ನೀರು ತಳ್ಳುವ ಫ್ಯಾನಿನ ಶಾಫ್ಟ್ ದೋಣಿಯಿಂದ ಹೊರಗೆ ಹೋಗುವ ಜಾಗದಲ್ಲಿ ತೊಟಕ್, ತೊಟಕ್ ಅಂತ ಹನಿ. ನನ್ನ ಜೀವ ಹಾರಿತು.

ಆಗ ಇಲ್ಲಿ ರಾತ್ರಿ ಒಂಬತ್ತೂವರೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಆ ತೂತಿನೊಳಗೆ ಹಿಡಿದೆ. ಅವರು ಜೀವನದಲ್ಲಿ ನ್ಯಾರೋಬೋಟ್ ಕಂಡವರಲ್ಲ. ಎರಡು ಸೆಕೆಂಡು ನೋಡಿ ತುಳುವಿನಲ್ಲಿ ಹೇಳಿದರು, "ಗ್ಲ್ಯಾಂಡ್ ಅಲ್ವಾ ಅದು? ಹೆದರಬೇಡ. ಓಡುವಾಗ ಹನಿ ಬೀಳಲೇಬೇಕು, ಇಲ್ಲದಿದ್ದರೆ ಶಾಫ್ಟ್ ಬಿಸಿಯಾಗುತ್ತದೆ. ನಿಲ್ಲಿಸಿದ ಮೇಲೆ ಗ್ರೀಸ್ ತಿರುಗಿಸು. ಕೈಗೆ ಬಿಗಿ ಅನ್ನಿಸಿದಲ್ಲಿ ನಿಲ್ಲಿಸು. ಜೋರು ಮಾಡಬೇಡ." ಪಕ್ಕದಲ್ಲಿ ಗ್ರೀಸ್ ಒತ್ತುವ ಹಿತ್ತಾಳೆಯ ಒಂದು ಹಿಡಿಕೆ ಇತ್ತು. ಆ ಹಿರಿಯರ ಪಟ್ಟಿಯ ಎರಡನೇ ಪುಟದಲ್ಲಿ ಇದೂ ಬರೆದಿತ್ತು. ನಾನು ಎರಡನೇ ಪುಟ ಓದಿರಲಿಲ್ಲ. ತಿರುಗಿಸಿದೆ. ಒಂದೂವರೆ ಸುತ್ತಿಗೆ ಬಿಗಿ ಬಂತು. ಹನಿ ನಿಧಾನವಾಯಿತು, ನಿಂತಿತು. ಅಪ್ಪ ಆ ಕಡೆ ಎಣಿಸುತ್ತಾ ಇದ್ದರು. ಆಮೇಲೆ ಪ್ರತಿ ಸಲ ದೋಣಿ ಕಟ್ಟಿದ ಮೇಲೆ ಅವರಿಗೆ ಒಂದು ಮೆಸೇಜ್ ಹಾಕುತ್ತಿದ್ದೆ: "ನಿಂತಿತು." ಅವರು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಅಷ್ಟು ವರ್ಷ ನಾವಿಬ್ಬರು ಫೋನಿನಲ್ಲಿ "ಊಟ ಆಯಿತಾ" ಬಿಟ್ಟು ಬೇರೆ ಮಾತಾಡಿದವರಲ್ಲ.

ಜೂನ್‌ನಲ್ಲಿ ಊರಿಗೆ ಬಂದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಕಡಲಿಗೆ ಇಳಿಯುವಂತಿಲ್ಲವಲ್ಲ, ಮಲ್ಪೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಜೋರು ಮಳೆ. ಅಪ್ಪ ಕೊಡೆ ಹಿಡಿದು "ಬಾ" ಅಂದರು. ಚಿಕ್ಕಂದಿನಲ್ಲಿ ಅಣ್ಣನನ್ನು ಕರೆದುಕೊಂಡು ಹೋಗುತ್ತಿದ್ದರು, ನನ್ನನ್ನು ದಕ್ಕೆಗೆ ಯಾವತ್ತೂ ಕರೆದವರಲ್ಲ. ಒಂದು ಬೋಟಿನ ಇಂಜಿನ್ ಕೋಣೆಗೆ ಇಳಿದೆವು. ಡೀಸೆಲ್, ಮೀನು, ಹಗ್ಗದ ವಾಸನೆ. ನನ್ನದಕ್ಕಿಂತ ನಾಲ್ಕು ಪಟ್ಟು ದಪ್ಪದ ಶಾಫ್ಟ್. ಗ್ಲ್ಯಾಂಡಿಗೆ ಟಾರ್ಚ್ ಬಿಟ್ಟು ನನ್ನ ಕೈಗೆ ಹಿಡಿಕೆ ತೋರಿಸಿದರು.

"ತಿರುಗಿಸು ನೋಡುವ."

ತಿರುಗಿಸಿದೆ. ಬಿಗಿ ಬಂದಲ್ಲಿ ನಿಲ್ಲಿಸಿದೆ. ಅವರು ಬೆರಳಿನಿಂದ ಒರೆಸಿ ನೋಡಿದರು. ಏನೂ ಹೇಳಲಿಲ್ಲ. ಟಾರ್ಚ್ ನನ್ನ ಕೈಗೆ ಕೊಟ್ಟು, ಪಕ್ಕದ ಬೋಟಿಗೆ ಹಲಗೆ ದಾಟಿದರು.